ಪೆನ್ಷನ್ ಬಂದ ಸೈನಿಕನಿಗೂ ಕಾಲೇಜಿನಲ್ಲಿ ಜಾಗ ಇರಲಿ

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬಾಗಲಕೋಟೆ ವಿಶ್ವವಿದ್ಯಾಲಯ ಮತ್ತು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ಉನ್ನತ ಶಿಕ್ಷಣ ಸಚಿವರಿಗೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಬೈಲಹೊಂಗಲ ತಾಲ್ಲೂಕಿನವನು. ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿ ಹವಾಲ್ದಾರನಾಗಿ ಪೆನ್ಷನ್ ಬಂದವನು. ಪಲ್ಟನ್ನಿನಲ್ಲಿ ಕ್ಲರ್ಕ್ ಕೆಲಸ ಮಾಡಿದ್ದರಿಂದ ಊರಿಗೆ ಬಂದ ಮೇಲೂ ಆ ಕೆಲಸ ನನ್ನನ್ನು ಬಿಟ್ಟಿಲ್ಲ. ಪಿಪಿಒ ಅನ್ನುವ ಪೆನ್ಷನ್ ಆದೇಶದಲ್ಲಿ ಹೆಂಡತಿಯ ಹೆಸರು ತಪ್ಪಾಗಿದೆ, ಆಸ್ಪತ್ರೆಗೆ ಬೇಕಾದ ಇಸಿಎಚ್‌ಎಸ್ ಕಾರ್ಡ್ ಬಂದಿಲ್ಲ, ಕ್ಯಾಂಟೀನ್ ಕಾರ್ಡ್ ಅವಧಿ ಮುಗಿದಿದೆ ಅಂತ ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರು ಬರುತ್ತಾರೆ. ಕೂತು ಅರ್ಜಿ ಬರೆದುಕೊಡುತ್ತೇನೆ. ಈಗೀಗ ಬೇರೊಂದು ಪ್ರಶ್ನೆ ಹಿಡಿದು ಬರುವವರು ಜಾಸ್ತಿಯಾಗಿದ್ದಾರೆ. "ಸರ, ಡಿಗ್ರಿ ಮಾಡಬೇಕಂತೀನಿ. ಎಲ್ಲಿ ಹೋಗ್ಲಿ?" ಇದಕ್ಕೆ ನನ್ನ ಹತ್ತಿರ ನೆಟ್ಟಗಿನ ಉತ್ತರವಿಲ್ಲ. ಉತ್ತರ ಇರಬೇಕಾದದ್ದು ನಿಮ್ಮ ಹತ್ತಿರ. ಅದಕ್ಕೇ ಈ ಪತ್ರ.

ಸೇನೆಗೆ ಮಕ್ಕಳನ್ನು ತಯಾರು ಮಾಡಿ ಕಳಿಸುವ ವಿಷಯದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಿಗೆ ಯಾವ ಕೊರತೆಯೂ ಇಲ್ಲ. ವಿಜಯಪುರದ ಸೈನಿಕ ಶಾಲೆ 1963ರಿಂದ ನಡೆಯುತ್ತಿದೆ. ಬೆಳಗಾವಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ. ಹೆಣ್ಣುಮಕ್ಕಳಿಗೆ ಕಿತ್ತೂರಿನಲ್ಲಿ ಚನ್ನಮ್ಮನ ಹೆಸರಿನ ಸೈನಿಕ ಶಾಲೆ ಇದೆ. ಮರಾಠಾ ಲೈಟ್ ಇನ್ಫೆಂಟ್ರಿಯ ತರಬೇತಿ ಕೇಂದ್ರವಾದ ಮರಾಠಾ ಸೆಂಟರ್ ಬೆಳಗಾವಿಗೆ ಬಂದು ನೂರು ವರ್ಷ ದಾಟಿದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಒಳಗೆ ಹೋಗುವವನಿಗೆ ಇಷ್ಟೆಲ್ಲ ಇದೆ. ಹೊರಗೆ ಬಂದವನು ಮತ್ತೆ ಪುಸ್ತಕ ಹಿಡಿಯುತ್ತೇನೆ ಅಂದರೆ ಅವನಿಗಾಗಿ ಇಟ್ಟ ಒಂದು ಬೆಂಚೂ ಇಲ್ಲ.

ನಾವು ಪೆನ್ಷನ್ ಬರುವ ವಯಸ್ಸು ನಿಮಗೆ ಗೊತ್ತಿರಬೇಕು. ಬೇರೆ ಇಲಾಖೆಯವರಂತೆ 60ಕ್ಕೆ ಅಲ್ಲ. ಒಬ್ಬ ಸಾಮಾನ್ಯ ಸಿಪಾಯಿ, ನಾಯಕ್ ಮನೆಗೆ ಬರುವುದು 35ರಿಂದ 40ರ ಆಸುಪಾಸಿನಲ್ಲಿ. ಮಕ್ಕಳು ಇನ್ನೂ ಕನ್ನಡ ಶಾಲೆಯಲ್ಲಿರುತ್ತಾರೆ. ಮುಂದೆ ಇನ್ನೂ ಇಪ್ಪತ್ತು ವರ್ಷ ದುಡಿಯಬೇಕು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ ಭರ್ತಿಯಾದವನಿಗೆ ಆಗ ಊರಲ್ಲಿ ಸಿಗುವ ಕೆಲಸ ಯಾವುದು? ಸಕ್ಕರೆ ಕಾರ್ಖಾನೆಯ ಗೇಟು, ಬ್ಯಾಂಕಿನ ಬಾಗಿಲು, ಇಲ್ಲವೇ ಮತ್ತೆ ಯೂನಿಫಾರಂ ಹಾಕಿಕೊಂಡು ಸೇನಾ ನೆಲೆಗಳನ್ನು ಕಾಯುವ ಡಿಎಸ್‌ಸಿ ದಳ. ಈ ಕೆಲಸಗಳನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಆದರೆ ಬೇರೆ ದಾರಿ ಬೇಕು ಅನ್ನುವವನಿಗೆ ಬೇರೆ ದಾರಿ ಇರಬೇಕು, ಅಲ್ವಾ?

ಹೋದ ಜೂನ್‌ನಲ್ಲಿ ನಮ್ಮ ಪಕ್ಕದ ಊರಿನ ಒಬ್ಬರ ಜೊತೆ ಒಂದು ಡಿಗ್ರಿ ಕಾಲೇಜಿಗೆ ಹೋಗಿದ್ದೆ. ಕಾಲೇಜಿನ ಹೆಸರು ಬೇಡ. ಅವರು ಪಲ್ಟನ್ನಿನ ವಾಹನ ವಿಭಾಗದಲ್ಲಿ ಡ್ರೈವರ್ ಆಗಿದ್ದವರು. ಜೋಜಿ ಲಾ ಹತ್ತಿ ಇಳಿದು ಸ್ಟಾಲಿಯನ್ ಗಾಡಿ ಓಡಿಸಿದವರು. ಪಿಯುಸಿ ಕಲಾ ವಿಭಾಗದಲ್ಲಿ ಪಾಸಾಗಿ ಭರ್ತಿಯಾದವರು. ಈಗ ಬಿ.ಎ. ಮಾಡಬೇಕು, ಆಮೇಲೆ ಪಿಡಿಒ ಪರೀಕ್ಷೆ ಬರೆಯಬೇಕು ಅಂತ ಆಸೆ. ಕೌಂಟರಿನಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಕೇಳಿದ: "ಕಾಕಾ, ಮಗನ ಅಡ್ಮಿಷನ್ ಏನ್ರಿ?"

"ಇಲ್ಲಪಾ, ನಂದ ಐತಿ."

ಹುಡುಗ ನಗಲಿಲ್ಲ. ಅದನ್ನು ಹೇಳಲೇಬೇಕು. ಆದರೆ ಅವನ ಮುಂದಿನ ಪ್ರಶ್ನೆಗಳಿಗೆ ನಮ್ಮ ಹತ್ತಿರ ಕಾಗದ ಇರಲಿಲ್ಲ. ಕೊನೆಗೆ ಓದಿದ ಕಾಲೇಜಿನ ಟಿಸಿ ಎಲ್ಲಿ? ನಡುವೆ ಇಷ್ಟು ವರ್ಷ ಯಾಕೆ ಓದಲಿಲ್ಲ, ಅದಕ್ಕೆ ದಾಖಲೆ ಏನು? ಇವರು ತಮ್ಮ ಡಿಸ್ಚಾರ್ಜ್ ಬುಕ್ ತೆಗೆದು ಮುಂದಿಟ್ಟರು. ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟುಕೊಂಡಿದ್ದರು. ಹುಡುಗ ಒಂದೊಂದೇ ಹಾಳೆ ತಿರುವಿದ. ಭರ್ತಿಯಾದ ತಾರೀಖು, ಬಿಡುಗಡೆಯಾದ ತಾರೀಖು, ಬಿಡುಗಡೆಗೆ ಕಾರಣ, ಟ್ರೇಡ್, ಪದಕಗಳ ಹೆಸರು, ನಡತೆಯ ಎದುರು 'ಎಕ್ಸೆಂಪ್ಲರಿ' ಅಂತ ಬರಹ, ಕೆಳಗೆ ರೆಕಾರ್ಡ್ಸ್ ಆಫೀಸಿನ ದುಂಡು ಮೊಹರು. ಎಲ್ಲ ನೋಡಿ ಪ್ರಾಂಶುಪಾಲರ ಕೋಣೆಗೆ ಹೋಗಿ ಬಂದ. "ಇದು ನಡೆಯಂಗಿಲ್ಲಂತ್ರಿ. ನೋಟರಿ ಅಫಿಡವಿಟ್ ಮಾಡಿಸ್ಕೊಂಡ್ ಬರ್ರಿ. ಟಿಸಿ ಹಳೇ ಕಾಲೇಜಿಂದ ಡುಪ್ಲಿಕೇಟ್ ತರ್ರಿ."

ಯೋಚಿಸಿ ನೋಡಿ. ಭಾರತ ಸರ್ಕಾರ ಮೊಹರು ಹಾಕಿ ಕೊಟ್ಟ ಪುಸ್ತಕಕ್ಕೆ ಬೆಲೆ ಇಲ್ಲ. ಕೋರ್ಟಿನ ಮುಂದೆ ದುಡ್ಡು ಕೊಟ್ಟು ಮಾಡಿಸಿದ ಒಂದು ಹಾಳೆಗೆ ಬೆಲೆ ಇದೆ. ಹಳೇ ಪಿಯು ಕಾಲೇಜಿನಲ್ಲಿ ರಿಜಿಸ್ಟರ್ ಹುಡುಕುವಷ್ಟರಲ್ಲಿ ಪ್ರವೇಶದ ಕೊನೆಯ ದಿನ ದಾಟಿಹೋಯಿತು. ಅವರು ಈಗ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರೆ. ಬಿ.ಎ. ಮಾತು ಎತ್ತುವುದನ್ನು ಬಿಟ್ಟಿದ್ದಾರೆ.

ಸೈನಿಕರಿಗೆ ಓದಿನ ಸೌಲಭ್ಯ ಬೇಕಾದಷ್ಟಿದೆಯಲ್ಲ ಅಂತ ನಿಮ್ಮಲ್ಲಿ ಯಾರಾದರೂ ಕೇಳಬಹುದು. ಇದೆ, ನಿಜ. ಯಾರಿಗೆ ಅನ್ನುವುದನ್ನು ನೋಡಬೇಕು. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ಅದು ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಅವರ ವಿಧವೆಯರಿಗೆ. ರಕ್ಷಣಾ ಮಂತ್ರಿಗಳ ನಿಧಿಯಿಂದ ಕೊಡುವ ಓದಿನ ನೆರವೂ ಹಾಗೇ. ಸಿಇಟಿಯಲ್ಲಿ ಸೈನಿಕ ಕೋಟಾ ಅಂತ ಇರುವುದೂ ಮಕ್ಕಳಿಗೆ. ಇವೆಲ್ಲ ಬಹಳ ಒಳ್ಳೆಯವು. ನನ್ನ ಮಗಳೇ ನಾಳೆ ಇದರ ಲಾಭ ಪಡೆಯಬಹುದು. ಆದರೆ ಯಾರ ಸೇವೆಯ ಲೆಕ್ಕದಲ್ಲಿ ಈ ಸೌಲಭ್ಯ ಹುಟ್ಟಿತೋ ಆ ಮನುಷ್ಯನೇ ಓದಲು ಹೊರಟರೆ ಈ ಯಾವ ಸಾಲಿನಲ್ಲೂ ಅವನ ಹೆಸರು ಬರುವುದಿಲ್ಲ.

ಅವನಿಗೆ ಅಂತ ಇರುವುದು ದೆಹಲಿಯ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್‌ನ ಕೋರ್ಸುಗಳು. ಅಧಿಕಾರಿಗಳು ಇವುಗಳಲ್ಲೇ ಐಐಎಂಗೆ ಹೋಗಿ 24 ವಾರದ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡುತ್ತಾರೆ. ಜವಾನರಿಗೂ ಬೇರೆ ಬೇರೆ ಊರುಗಳಲ್ಲಿ ಕೆಲವು ತಿಂಗಳ ಕೋರ್ಸುಗಳಿವೆ. ಆದರೆ ಪೆನ್ಷನ್ ಹತ್ತಿರ ಬಂದ ಜವಾನನ ತಲೆಯಲ್ಲಿ ಏನಿರುತ್ತದೆ ಅಂತ ನಾನು ಕ್ಲರ್ಕ್ ಮೇಜಿನ ಹಿಂದೆ ಕೂತು ನೋಡಿದ್ದೇನೆ. ಅರ್ಧ ಕಟ್ಟಿದ ಮನೆ, ವಯಸ್ಸಾದ ಅಪ್ಪ, ಹೊಲದ ತಕರಾರು. ಕೋರ್ಸ್ ಬೇಡ ಸಾಹೇಬ್ರ, ರಜೆ ಕೊಡ್ರಿ ಅನ್ನುತ್ತಾನೆ. ಓದಿನ ಬೆಲೆ ಗೊತ್ತಾಗುವುದು ಊರಿಗೆ ಬಂದು ನಾಲ್ಕು ಕಡೆ ಕೆಲಸ ಕೇಳಿದ ಮೇಲೆ.

ಇನ್ನೊಂದು ಕಾಗದವಿದೆ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಇದನ್ನೇ ನಂಬಿ ಕೂತಿರುತ್ತಾರೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದವರಿಗೆ ಪದವಿಗೆ ಸಮಾನ ಅಂತ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡವರು ನಮ್ಮ ತಾಲ್ಲೂಕಿನಲ್ಲೇ ಎಷ್ಟೋ ಜನ. ಪದವಿ ಕೇಳುವ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಅರ್ಜಿ ಹಾಕುವಾಗ ಅದು ಕೆಲಸಕ್ಕೆ ಬರುತ್ತದೆ. ಅಷ್ಟೇ. ಅದು ಯಾವ ವಿಶ್ವವಿದ್ಯಾಲಯವೂ ಕೊಟ್ಟ ಪದವಿಯಲ್ಲ. ಅದನ್ನು ಹಿಡಿದುಕೊಂಡು ಎಂ.ಎ.ಗೆ, ಬಿ.ಎಡ್.ಗೆ, ಎಲ್‌ಎಲ್‌ಬಿಗೆ ಹೋದರೆ ಪದವಿಯ ಅಂಕಪಟ್ಟಿ ಎಲ್ಲಿ ಅಂತ ಕೇಳುತ್ತಾರೆ. ಅಂಕಪಟ್ಟಿ ಎಲ್ಲಿಂದ ಬರಬೇಕು? ಈ ಮಾತನ್ನು ಅವರಿಗೆ ಹೇಳುವಾಗ ನನ್ನ ಬಾಯಿಗೆ ಮಾತು ಬರುವುದಿಲ್ಲ.

ನಮ್ಮ ರಾಜ್ಯದ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇಕಡಾ 10 ಮೀಸಲಾತಿ ಇದೆ. ವಯಸ್ಸಿನ ಮಿತಿಯಲ್ಲಿ ಸೇವೆಯ ವರ್ಷಗಳಷ್ಟು ಮತ್ತು ಅದರ ಮೇಲೆ ಮೂರು ವರ್ಷ ಸಡಿಲಿಕೆ ಕೊಡುತ್ತಾರೆ. ಇದು ದೊಡ್ಡ ಅವಕಾಶ. ಆದರೆ ಪಿಎಸ್‌ಐ, ಎಫ್‌ಡಿಎ, ಪಿಡಿಒ ಎಲ್ಲಕ್ಕೂ ಪದವಿ ಬೇಕು. ಅರ್ಹ ಮಾಜಿ ಸೈನಿಕ ಸಿಗದಿದ್ದರೆ ಆ ಹುದ್ದೆ ಬೇರೆಯವರಿಗೆ ಹೋಗುತ್ತದೆ. ಸರ್ಕಾರ ಊಟಕ್ಕೆ ಎಲೆ ಹಾಕಿದೆ, ಬಾಗಿಲಲ್ಲಿ ಮಾತ್ರ ತಡೆದು ನಿಲ್ಲಿಸಿದೆ. ಮೀಸಲಾತಿ ಕೊಟ್ಟವರೇ ಪದವಿಯ ದಾರಿಯನ್ನೂ ಮಾಡಿಕೊಡಬೇಕು.

ಈಗ ಅಗ್ನಿವೀರರ, ಅಂದರೆ ನಾಲ್ಕು ವರ್ಷಕ್ಕೆ ಅಂತ ಸೇನೆಗೆ ಭರ್ತಿಯಾದ ಹುಡುಗರ ಮಾತು. 2022ರ ಜೂನ್‌ನಲ್ಲಿ ಯೋಜನೆ ಬಂತು. 2022ರ ಕೊನೆಗೆ, 2023ರ ಆರಂಭಕ್ಕೆ ತರಬೇತಿಗೆ ಸೇರಿದ ಮೊದಲ ಬ್ಯಾಚುಗಳ ನಾಲ್ಕು ವರ್ಷ 2026ರ ಕೊನೆಯಿಂದ ಮುಗಿಯುತ್ತದೆ. ಶೇಕಡಾ 25ರವರೆಗೆ ಮಾತ್ರ ಸೇನೆಯಲ್ಲಿ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಹಿಡಿದು ಮನೆಗೆ ಬರುತ್ತಾರೆ. ಪೆನ್ಷನ್ ಇಲ್ಲ. ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ. ವಯಸ್ಸು ಇನ್ನೂ ಇಪ್ಪತ್ತರ ದಶಕದಲ್ಲಿ, ಅಷ್ಟೇ. ಓದುವ ವಯಸ್ಸೇ ಅದು. ಆದರೆ ಹಳ್ಳಿಯ ಮನೆಯಲ್ಲಿ ಅಷ್ಟು ದುಡ್ಡು ಒಮ್ಮೆಲೇ ಬಂದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ತಂಗಿಯ ಮದುವೆ, ಬೋರ್‌ವೆಲ್, ಸೊಸೈಟಿ ಸಾಲ. ಓದಿಗೆ ಅಂತ ತೆಗೆದಿಡುವವರು ಯಾರು?

ಅಗ್ನಿವೀರರಿಗೆ ಅಂತ ಕೇಂದ್ರದ ಶಿಕ್ಷಣ ಇಲಾಖೆ ಇಗ್ನೋ ಅನ್ನುವ ದೂರಶಿಕ್ಷಣ ವಿಶ್ವವಿದ್ಯಾಲಯದ ಮೂಲಕ ಮೂರು ವರ್ಷದ ಪದವಿ ಪ್ರಕಟಿಸಿದೆ. ಅದರ ಒಂದು ಅಂಶ ನನಗೆ ಬಹಳ ಹಿಡಿಸಿತು. ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ, ಅಂದರೆ ಕಲಿಕೆಯನ್ನು ಅಳೆಯುವ ಲೆಕ್ಕದಲ್ಲಿ, ಅರ್ಧ ಸೇನೆಯ ತರಬೇತಿಯಿಂದಲೇ ಸಿಗುತ್ತವೆ. ಉಳಿದ ಅರ್ಧ ಪಾಠ ಓದಿ ಪರೀಕ್ಷೆ ಬರೆದು ಗಳಿಸಬೇಕು. ಕುಲಪತಿಗಳೇ, ಇದರಲ್ಲಿ ಒಂದು ದೊಡ್ಡ ಒಪ್ಪಿಗೆ ಇದೆ. ಸೇನೆಯಲ್ಲಿ ಕಲಿತದ್ದೂ ಕಲಿಕೆಯೇ ಅಂತ ಸರ್ಕಾರ ಒಪ್ಪಿಕೊಂಡಿದೆ. ನಾಲ್ಕು ವರ್ಷದ ಕಲಿಕೆಗೆ ಅರ್ಧ ಕ್ರೆಡಿಟ್ ಕೊಡಬಹುದಾದರೆ, ಹದಿನೇಳು ವರ್ಷ ರೇಡಿಯೋ ಸೆಟ್ ನಡೆಸಿದವನಿಗೆ, ಮ್ಯಾಪ್ ರೀಡಿಂಗ್ ಕಲಿಸಿದ ಉಸ್ತಾದನಿಗೆ, ಸ್ಟೋರಿನಲ್ಲಿ ಲೆಜರ್ ಬರೆದವನಿಗೆ ನಮ್ಮ ವಿಶ್ವವಿದ್ಯಾಲಯಗಳು ಏನು ಕೊಡುತ್ತವೆ? 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಅನ್ನುವ ಲೆಕ್ಕ ಇದೆ. ಕೌಶಲ, ತರಬೇತಿ, ಕೆಲಸದ ಅನುಭವ ಎಲ್ಲವನ್ನೂ ಅದರಲ್ಲಿ ಎಣಿಸಬಹುದು. ಬೆಳಗಾವಿಯಲ್ಲೇ ಮರಾಠಾ ಸೆಂಟರ್ ಇದೆ. ನಿಮ್ಮ ಪ್ರಾಧ್ಯಾಪಕರು ಒಂದು ದಿನ ಅಲ್ಲಿಗೆ ಹೋಗಿ ಒಬ್ಬ ಸೈನಿಕ ಏನೇನು ಕಲಿಯುತ್ತಾನೆ, ಯಾವ ಯಾವ ಪರೀಕ್ಷೆ ಪಾಸು ಮಾಡುತ್ತಾನೆ ಅಂತ ನೋಡಿ ಬರಲಿ. ದೂರ ಏನಿಲ್ಲ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬೆಳಗಾವಿಯ ಸೇನಾ ಕ್ಯಾಂಪಿಗೆ ಬಂದರಾಯಿತು.

ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿದೆ. ದೂರಶಿಕ್ಷಣ ಇದ್ದೇ ಇದೆಯಲ್ಲ ಅಂತ ನೀವು ಹೇಳಬಹುದು. ನಾನೂ ಪೆನ್ಷನ್ ಬಂದ ಮೇಲೆ ದೂರಶಿಕ್ಷಣದಲ್ಲೇ ಬಿ.ಎ. ಮುಗಿಸಿದೆ, ಅದರ ಉಪಕಾರ ಮರೆಯುವುದಿಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ, ಹದಿನೇಳು ವರ್ಷ ಹಿಂದಿಯಲ್ಲಿ ಬದುಕಿದವನ ಕೈಗೆ ಇಂಗ್ಲಿಷ್ ಪುಸ್ತಕದ ಕಟ್ಟು ಬಂದು ಬಿದ್ದರೆ ಅವನು ಒಬ್ಬನೇ ಕೂತು ಏನು ಮಾಡಬೇಕು? ನಮ್ಮವರಿಗೆ ಜೊತೆಗಾರರು ಬೇಕು. ಎದುರು ನಿಂತು ಹೇಳಿಕೊಡುವ ಮೇಷ್ಟ್ರು ಬೇಕು. ಬೆಂಚಿನ ಮೇಲೆ ಪಕ್ಕದಲ್ಲಿ ಇನ್ನೊಬ್ಬ ಕೂತಿದ್ದರೆ ಓದು ನಡೆಯುತ್ತದೆ.

ಈ ವಿಷಯದಲ್ಲಿ ಅಮೆರಿಕದವರು ಮಾಡಿದ್ದನ್ನು ಒಮ್ಮೆ ನೋಡಬೇಕು. 1944ರ ಜೂನ್‌ನಲ್ಲಿ, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಜಿಐ ಬಿಲ್ ಅನ್ನುವ ಕಾಯ್ದೆ ತಂದರು. ಯುದ್ಧದಿಂದ ಬಂದವರಲ್ಲಿ ಸುಮಾರು 78 ಲಕ್ಷ ಜನ ಅದರಿಂದ ಕಾಲೇಜಿಗೆ ಅಥವಾ ಕೆಲಸದ ತರಬೇತಿಗೆ ಹೋದರು. ಈಗ ಅಲ್ಲಿರುವ ಹೊಸ ಕಾಯ್ದೆ 2009ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಮೂರು ವರ್ಷ ಸಕ್ರಿಯ ಸೇವೆ ಮಾಡಿದವನಿಗೆ 36 ತಿಂಗಳ ಓದಿನ ಪೂರ್ತಿ ಸೌಲಭ್ಯ. ಅವನ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವಾದರೆ ಪೂರ್ತಿ ಫೀ. ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರ್‌ವರೆಗೆ. ಇವಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಾಲೇಜು ಇರುವ ಊರಿನ ಬಾಡಿಗೆ ಲೆಕ್ಕ ನೋಡಿ ತಿಂಗಳ ವಸತಿ ಭತ್ಯೆ ಕೊಡುತ್ತಾರೆ. ಪ್ರತಿ ಕಾಲೇಜಿನಲ್ಲೂ ಇದನ್ನು ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಇರುತ್ತಾರೆ. ಈ ವಿದ್ಯಾರ್ಥಿ ನಮ್ಮಲ್ಲಿ ಓದುತ್ತಿದ್ದಾನೆ ಅಂತ ಸರ್ಕಾರಕ್ಕೆ ದೃಢೀಕರಿಸಿ ಕಳಿಸುವುದು ಅವರ ಕೆಲಸ. ಸೈನಿಕ ನಾಲ್ಕು ಕಚೇರಿ ಅಲೆಯಬೇಕಿಲ್ಲ.

ಅವರಷ್ಟು ದುಡ್ಡು ನಮ್ಮಲ್ಲಿಲ್ಲ, ಒಪ್ಪುತ್ತೇನೆ. ಆದರೆ ಅವರಿಗೆ ತಿಳಿದ ಒಂದು ವಿಷಯ ನಮಗೂ ತಿಳಿಯಬೇಕು. ನಮ್ಮ ಸರ್ಕಾರಿ ಕಾಲೇಜಿನ ಫೀ ಒಬ್ಬ ಪೆನ್ಷನ್‌ದಾರನಿಗೆ ಭಾರವಲ್ಲ. ಭಾರವಾಗುವುದು ಓದುವ ಮೂರು ವರ್ಷ ಮನೆ ನಡೆಸುವುದು. ಪೆನ್ಷನ್ ಬರುತ್ತದಲ್ಲ ಅನ್ನಬೇಡಿ. ಬರುವಾಗ ಮನೆ ಕಟ್ಟಲು, ಸಾಲ ತೀರಿಸಲು ಪೆನ್ಷನ್ನಿನ ಅರ್ಧದವರೆಗೆ ಮುಂಗಡ ಮಾರಿರುತ್ತೇವೆ. ಅದು ಪೂರ್ತಿಯಾಗಿ ಮರಳಿ ಸಿಗುವುದು 15 ವರ್ಷದ ನಂತರ. ಹೀಗಾಗಿ ಹಗಲು ಕಾಲೇಜಿಗೆ ಹೋದರೆ ಕೆಲಸ ಹೋಗುತ್ತದೆ, ಕೆಲಸಕ್ಕೆ ಹೋದರೆ ಶೇಕಡಾ 75 ಹಾಜರಿ ತುಂಬುವುದಿಲ್ಲ. ಸೈನಿಕ ಕಲ್ಯಾಣ ಇಲಾಖೆಯವರೇ, ಮಕ್ಕಳಿಗೆ ಸಿಗುವ ಆ 2,500, 3,000 ರೂಪಾಯಿಯಷ್ಟಾದರೂ ಓದುತ್ತಿರುವ ಮಾಜಿ ಸೈನಿಕನಿಗೆ ತಿಂಗಳಿಗೆ ಕೊಡಿ. ಹಾಜರಿ ನೋಡಿಯೇ ಕೊಡಿ, ಪಾಸಾದರೆ ಮಾತ್ರ ಮುಂದುವರಿಸಿ. ಸುಮ್ನೆ ಕೊಡಿ ಅಂತ ಯಾರೂ ಕೇಳುತ್ತಿಲ್ಲ.

ನೀವು ದಾರಿ ಮಾಡದಿದ್ದರೆ ಬೇರೆ ಯಾರೋ ಮಾಡುತ್ತಾರೆ, ಅದೇ ನನ್ನ ಭಯ. ಈಗಲೇ ಮಾಡುತ್ತಿದ್ದಾರೆ. ಒಂದೇ ವರ್ಷದಲ್ಲಿ ಡಿಗ್ರಿ, ಪರೀಕ್ಷೆಗೆ ಬರಬೇಕಾಗಿಲ್ಲ, ಹಿಂದಿನ ತಾರೀಖಿನ ಅಂಕಪಟ್ಟಿ ಅಂತ ಫೋನು ಬರುತ್ತದೆ. ಗ್ರಾಚ್ಯುಟಿ ದುಡ್ಡು ಕೈಗೆ ಬಂದಿರುವ ಸಮಯವನ್ನೇ ನೋಡಿ ಬರುತ್ತದೆ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಹೊರಡಿಸುತ್ತದೆ. ದೂರಶಿಕ್ಷಣಕ್ಕೆ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಆದರೆ ಗಡಿಯಿಂದ ಈಗಷ್ಟೇ ಬಂದವನಿಗೆ ಅದನ್ನು ತೋರಿಸುವವರು ಯಾರು? ಈ ಪತ್ರ ಓದುತ್ತಿರುವ ಮಾಜಿ ಸೈನಿಕರಿಗೂ ನಾನು ಕೈಮುಗಿದು ಹೇಳುವುದು ಇದೇ. ದುಡ್ಡು ಕಟ್ಟುವ ಮೊದಲು ಆ ಪಟ್ಟಿ ನೋಡಿ. ಇಂಥ ಪದವಿ ಹಿಡಿದು ಸರ್ಕಾರಿ ಕೆಲಸಕ್ಕೆ ಹೋದರೆ ದಾಖಲೆ ಪರಿಶೀಲನೆಯಲ್ಲಿ ಕೆಲಸವೂ ಹೋಗುತ್ತದೆ, ಕೇಸೂ ಬೀಳುತ್ತದೆ. ಇಪ್ಪತ್ತು ವರ್ಷ ಗಳಿಸಿದ ಮರ್ಯಾದೆ ಒಂದು ಹಾಳೆಗೆ ಕಳೆದುಕೊಳ್ಳಬೇಡಿ.

ಹಾಗಾದರೆ ಮೊದಲು ಏನಾಗಬೇಕು? ದುಡ್ಡಿಲ್ಲದೆ ಆಗುವ ಕೆಲಸವೇ ಬೇಕಾದಷ್ಟಿದೆ. ಡಿಸ್ಚಾರ್ಜ್ ಬುಕ್ಕನ್ನು ಓದಿನ ನಡುವಿನ ಅಂತರಕ್ಕೆ ದಾಖಲೆಯಾಗಿ ಒಪ್ಪಬೇಕು, ಹಳೇ ಟಿಸಿ ತರಲು ಆರು ತಿಂಗಳು ಸಮಯ ಕೊಟ್ಟು ಪ್ರವೇಶ ಮಾಡಿಕೊಳ್ಳಬೇಕು ಅಂತ ಕುಲಸಚಿವರು ಎಲ್ಲ ಕಾಲೇಜುಗಳಿಗೆ ಒಂದು ಸುತ್ತೋಲೆ ಕಳಿಸಿದರೆ ಸಾಕು. ಪ್ರವೇಶದ ಪೋರ್ಟಲ್‌ನಲ್ಲಿ ಮಾಜಿ ಸೈನಿಕ, ಮಾಜಿ ಅಗ್ನಿವೀರ ಅಂತ ಒಂದು ಆಯ್ಕೆ ಇರಲಿ. 'ಅವರ ಮಕ್ಕಳು' ಅಂತಲ್ಲ, ಅವರೇ. ಪ್ರತಿ ವಿಶ್ವವಿದ್ಯಾಲಯದಲ್ಲಿ ಇದನ್ನು ಬಲ್ಲ ಒಬ್ಬ ಗುಮಾಸ್ತ, ಅವರ ಒಂದು ಫೋನ್ ನಂಬರ್ ಇರಲಿ.

ಆಮೇಲೆ ತರಗತಿ. ಬೆಳಗಾವಿ, ವಿಜಯಪುರ, ಜಮಖಂಡಿ, ಈ ಮೂರು ಕಡೆ ಒಂದೊಂದು ಸರ್ಕಾರಿ ಕಾಲೇಜಿನಲ್ಲಿ ಸಂಜೆ ಬಿ.ಎ., ಬಿ.ಕಾಂ. ಶುರು ಮಾಡಿ ನೋಡಿ. ನಮ್ಮವರಷ್ಟೇ ಅಲ್ಲ, ಹಗಲು ದುಡಿಯುವ ಎಷ್ಟೋ ಹುಡುಗ ಹುಡುಗಿಯರು ಬರುತ್ತಾರೆ. ಅಕ್ಕಮಹಾದೇವಿ ವಿಶ್ವವಿದ್ಯಾಲಯದ ಕುಲಪತಿಗಳಲ್ಲಿ ಬೇರೆಯದೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಹುತಾತ್ಮ ಸೈನಿಕರ ಪತ್ನಿಯರಾದ ವೀರನಾರಿಯರಿಗೆ, ಸೈನಿಕರ ವಿಧವೆಯರಿಗೆ ವಿದ್ಯಾರ್ಥಿವೇತನದ ಹಕ್ಕು ಕಾಗದದ ಮೇಲಿದೆ. ಆದರೆ ಚಿಕ್ಕ ಮಗುವನ್ನು ಯಾರ ಕೈಗೆ ಕೊಟ್ಟು ತೊರವಿಯಲ್ಲಿರುವ ನಿಮ್ಮ ವಿಶ್ವವಿದ್ಯಾಲಯದವರೆಗೆ ಬರಬೇಕು ಅಂತ ಒಬ್ಬ ತಂಗಿ ನನ್ನ ಮುಂದೆ ಕೇಳಿದಳು. ಅಂಥವರಿಗೆ ಮಗುವಿನ ಜೊತೆ ಇರಲು ಹಾಸ್ಟೆಲಿನಲ್ಲಿ ಒಂದೆರಡು ಕೋಣೆ ಇಟ್ಟರೆ ಆ ಹಕ್ಕು ನಿಜವಾಗುತ್ತದೆ.

ಮಾನ್ಯ ಸಚಿವರೇ, ಅಗ್ನಿವೀರರ ವಿಷಯ ನಿಮ್ಮ ಮೇಜಿನ ಮೇಲೆ ಬರಬೇಕು. ಅವರು ಮಾಜಿ ಸೈನಿಕರಲ್ಲ ಅಂತಾದರೆ ಸೈನಿಕ ಕಲ್ಯಾಣ ಕಚೇರಿ ಅವರನ್ನು ಒಳಗೆ ಕರೆಯುತ್ತದೆಯೇ? ಸೇನೆಯ ತರಬೇತಿಯ ಕ್ರೆಡಿಟ್ ಹಿಡಿದು ಬಂದ ಹುಡುಗನನ್ನು ನಮ್ಮ ರಾಜ್ಯದ ಕಾಲೇಜು ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತದೆಯೇ? ಈ ಎರಡಕ್ಕೂ ಲಿಖಿತ ಆದೇಶ ಇರಲಿ. ಕೌಂಟರಿನಲ್ಲಿ ಕೂತ ಗುಮಾಸ್ತನ ತಲೆಗೆ ಇದನ್ನು ಕಟ್ಟಬೇಡಿ.

ಮುಂದಿನ ಪ್ರವೇಶದ ಅಧಿಸೂಚನೆ ಬರುವ ಮೊದಲು ಒಂದು ಸಭೆ ಕರೆಯಿರಿ. ಬೆಳಗಾವಿಯಲ್ಲಾದರೂ ಸರಿ, ವಿಜಯಪುರದಲ್ಲಾದರೂ ಸರಿ, ಭಾನುವಾರ ಇಟ್ಟರೆ ಇನ್ನೂ ಒಳ್ಳೆಯದು. ರಾತ್ರಿ ಪಾಳಿ ಮಾಡುವವರೂ ಬರಬಹುದು. ಡಿಸ್ಚಾರ್ಜ್ ಬುಕ್ಕಿನ ಪ್ರತಿ, ಕೋರ್ಸ್ ಸರ್ಟಿಫಿಕೇಟುಗಳು, ಪಿಯುಸಿ ಅಂಕಪಟ್ಟಿ ಎಲ್ಲ ಜೋಡಿಸಿಕೊಂಡು ನಾವು ಬರುತ್ತೇವೆ. ಓದಲು ಸಿದ್ಧ ಇರುವವರ ಹೆಸರು ಬರೆದುಕೊಂಡೇ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮಾಜಿ ಹವಾಲ್ದಾರ
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ